ಎಲ್ಲಾ ಇಂಟ್ಯಾಕ್ಟಾ?

ನಿನ್ನೆ ಬೆಳಿಗ್ಗೆ ಹೂವು, ಬಿಲ್ವಪತ್ರೆ ತರಲು ಹೋದವನು ವಾಪಸು ಬರುವಷ್ಟರಲ್ಲಿ ನಮ್ಮ ಗೇಟಿನ ಮುಂದೆ ಕೊರಿಯರ್‌ನವನ ಸ್ಕೂಟರು ನಿಂತಿತ್ತು. ನಾನೇ ತರಿಸಿದ್ದ ಡಬ್ಬಿ, ಹೆಚ್ಚು ಭಾರವಿಲ್ಲ. ಆತ ಅದನ್ನು ನಾಲ್ಕೂ ಕಡೆ ತಿರುಗಿಸಿ, ಅಂಟುಪಟ್ಟಿ ಎಲ್ಲೂ ಕಿತ್ತಿಲ್ಲವೆಂದು ತೋರಿಸಿ, "ಇಂಟ್ಯಾಕ್ಟಾಗಿದೆ, ನೋಡ್ಕೊಂಡ್ಬುಡಿ ಸಾರ್. ಆಮೇಲೆ ಒಳಗೆ ಏನಾದ್ರೂ ಆಗಿದ್ರೆ ನನ್ನ ಕೇಳಂಗಿಲ್ಲ" ಎಂದ. ನಾನು ನೋಡಿಕೊಂಡೆ, ಸಹಿ ಹಾಕಿದೆ, ಆತ ಹೋದ. ನಾನು ಮಾತ್ರ ಒಂದು ಕೈಯಲ್ಲಿ ಹೂವಿನ ಪೊಟ್ಟಣ, ಇನ್ನೊಂದರಲ್ಲಿ ಡಬ್ಬಿ ಹಿಡಿದು ಗೇಟಿನಲ್ಲೇ ನಿಂತುಬಿಟ್ಟೆ.

ಡಬ್ಬಿಯಲ್ಲಿದ್ದದ್ದು ಒಂದು ರಬ್ಬರ್ ಚೆಂಡು ಮತ್ತು ಬೆರಳಿಗೆ ಸಿಕ್ಕಿಸಿ ಎಳೆಯುವ ಒಂದು ಪಟ್ಟಿ. ಮೂಳೆ ಮುರಿದವರ ಕೈಗೆ ವ್ಯಾಯಾಮ ಮಾಡಿಸುವ ಸಾಮಾನು. ಎಂಬತ್ತು ದಾಟಿದ ನನ್ನ ಅಮ್ಮನ ಎಡಗೈ ಮಣಿಕಟ್ಟು ಮುರಿದು, ಆಪರೇಷನ್ ಆಗಿ, ಕಟ್ಟು ಬಿಚ್ಚಿ ಕೆಲವು ದಿನಗಳಾಗಿವೆ. ಬೆರಳು ಮಡಚುತ್ತವೆ, ಲೋಟ ಹಿಡಿಯಲು ಬರುತ್ತದೆ. ಆದರೆ ಅಂಗೈ ಮೇಲ್ಮುಖವಾಗಿ ತಿರುಗುತ್ತಿಲ್ಲ. ತಿರುಗುತ್ತದೋ ಇಲ್ಲವೋ ಎಂಬುದೇ ಈಗ ನಮ್ಮ ಮನೆಯ ಪ್ರಶ್ನೆ. ಅಂಗೈ ತಿರುಗದಿದ್ದರೆ ಅಂಥ ನಷ್ಟವೇನು ಅಂತ ನೀವು ಕೇಳಬಹುದು. ಅಮ್ಮ ಎಪ್ಪತ್ತು ವರ್ಷಗಳಿಂದ ದಿನವೂ ಆ ಅಂಗೈ ಮೇಲೆ ಲಿಂಗವಿಟ್ಟುಕೊಂಡು ಪೂಜೆ ಮಾಡುತ್ತ ಬಂದವಳು. ಪೂಜೆಯಾಗದೆ ನೀರೂ ಮುಟ್ಟುವುದಿಲ್ಲ. ನಷ್ಟ ಅಷ್ಟೇ.

ನಾನು ಹುಟ್ಟಾ ಗಾಬರಿಯ ಮನುಷ್ಯ. ಫೋನು ಒಂದು ಸಲ ಜಾಸ್ತಿ ಬಡಿದುಕೊಂಡರೆ ಯಾರಿಗೋ ಏನೋ ಆಯಿತು ಅಂದುಕೊಳ್ಳುತ್ತೇನೆ. ಹೆಂಡತಿ ಶಾಲೆಯಿಂದ ಬರುವುದು ಸ್ವಲ್ಪ ತಡವಾದರೆ ಗೇಟಿಗೂ ಬಾಗಿಲಿಗೂ ತಿರುಗುತ್ತೇನೆ. ಅವಳು ಬಂದವಳು ನನ್ನ ಮುಖ ನೋಡಿ, ಚಪ್ಪಲಿ ಬಿಡುತ್ತಾ, "ಇನ್ನೂ ಬದುಕಿದ್ದೀನಿ ಕಣ್ರೀ" ಎನ್ನುತ್ತಾಳೆ. ಈ ಗುಣ ನಾನು ದುಡಿದು ಸಂಪಾದಿಸಿದ್ದಲ್ಲ, ಪಿತ್ರಾರ್ಜಿತ. ಮನೆ, ಮನೆಯ ಹಿಂದಿನ ನುಗ್ಗೆ ಮರ, ಈ ಗಾಬರಿ ಮೂರೂ ಅಪ್ಪನಿಂದ ಬಂದವು. ಅದರ ಜೊತೆಗೆ ಆ ಇಂಗ್ಲಿಷ್ ಪದವೂ.

ನನ್ನ ಹೊಟ್ಟೆಪಾಡೂ ಅಂಥ ಪದಗಳ ಸುತ್ತಮುತ್ತಲಿನದೇ. ಔಷಧದ ಡಬ್ಬಿಯಲ್ಲಿ ಹತ್ತಾರು ಮಡಿಕೆ ಮಡಚಿ ತುರುಕಿರುತ್ತಾರಲ್ಲ, ಯಾರೂ ಓದದ ಆ ಕಾಗದ, ಕುಕ್ಕರು ಮಿಕ್ಸಿಗಳ ಜೊತೆ ಬರುವ, ಕೊಂಡ ದಿನವೇ ಕಳೆದುಹೋಗುವ ಪುಸ್ತಿಕೆ, ಅವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸುವವರಲ್ಲಿ ನಾನೂ ಒಬ್ಬ. ಓದುಗರೇ ಇಲ್ಲದ ಲೇಖಕ ಅಂತ ಬೇಕಾದರೆ ಕರೆಯಿರಿ, ಬೇಜಾರಿಲ್ಲ. ಸೀಲು ಇಂಟ್ಯಾಕ್ಟಾಗಿದ್ದರೆ ಮಾತ್ರ ಬಳಸಿ ಎಂಬ ಒಂದು ವಾಕ್ಯ ಆ ಕಾಗದಗಳಲ್ಲಿ ಎಲ್ಲೋ ಒಂದು ಕಡೆ ಬಂದೇ ಬರುತ್ತದೆ. ಪ್ರತಿ ಸಲವೂ ಪೆನ್ನು ಅಲ್ಲಿ ನಿಲ್ಲುತ್ತದೆ. ಅಖಂಡ ಅಂತ ಬರೆದರೆ ಔಷಧದ ಮುಚ್ಚಳಕ್ಕೆ ಭಾಷಣದ ಗತ್ತು ಬರುತ್ತದೆ. ಸಮಗ್ರ ಅಂದರೆ ಸರ್ಕಾರದ ಯೋಜನೆ. ಪೂರ್ತಿ ಅನ್ನೋಣವೆಂದರೆ, ಪಾಯಸ ಪೂರ್ತಿಯಾಯಿತು ಅಂದಾಗ ಪಾತ್ರೆಯಲ್ಲಿ ಉಳಿದಿರುವುದೇನು? ಕೊನೆಗೆ 'ಮೊಹರು ಒಡೆದಿದ್ದರೆ ಬಳಸಬೇಡಿ' ಅಂತ ಬರೆದು ಕೈತೊಳೆದುಕೊಳ್ಳುತ್ತೇನೆ. ಬಿರುಕು, ಒಡಕು, ಸೀಳು, ಮುಕ್ಕು, ನುಚ್ಚು, ಚೂರು ಎಂದು ಒಡೆದದ್ದಕ್ಕೆ ನಮ್ಮಲ್ಲಿ ಎಷ್ಟು ಬಗೆಯ ಹೆಸರು ಬೇಕಾದರೂ ಇವೆ. ಒಡೆಯದೆ ಉಳಿದದ್ದನ್ನು ಮಾತ್ರ ಒಡೆದಿಲ್ಲ ಅಂತಲೇ ಹೇಳಬೇಕು. ಗಾಬರಿಯ ಜನ ಕಟ್ಟಿದ ಭಾಷೆ ಇರಬೇಕು ಇದು, ನನಗೆ ಹೊಂದುತ್ತದೆ.

ಹಾಗೆ ನೋಡಿದರೆ ಅದಕ್ಕೆ ಸರಿಯಾದ ಪದ ದೇವರ ಮನೆಯಲ್ಲೇ ಇದೆ. ಅಕ್ಷತೆ. ಅಕ್ಷತ ಅಂದರೆ ಮುರಿಯದ್ದು, ಇಡಿಯಾದದ್ದು. ಮದುವೆಗೆ ಕೊಡಲು ಅಮ್ಮ ಅಕ್ಕಿ ಆರಿಸುತ್ತಾ ಕೂತರೆ ತುದಿ ಮುರಿದ ಒಂದು ಕಾಳೂ ಅವಳ ಕಣ್ಣು ತಪ್ಪಿಸುತ್ತಿರಲಿಲ್ಲ. ಇಡೀ ಕಾಳು ಅರಿಶಿನ ಹಚ್ಚಿಕೊಂಡು ಮದುಮಕ್ಕಳ ತಲೆಯ ಮೇಲೆ ಬೀಳುತ್ತಿತ್ತು. ನುಚ್ಚು ನಮ್ಮ ರಾತ್ರಿಯ ಗಂಜಿಗೆ ಬೀಳುತ್ತಿತ್ತು. ಗಂಜಿಯೇನು ಕೆಟ್ಟದ್ದಲ್ಲ, ನನಗೆ ಇವತ್ತಿಗೂ ಇಷ್ಟ. ಆದರೆ ಔಷಧದ ಕಾಗದದಲ್ಲಿ 'ಮುಚ್ಚಳವು ಅಕ್ಷತವಾಗಿದ್ದಲ್ಲಿ' ಅಂತ ಬರೆದರೆ ಓದಿದವರು ಮುಚ್ಚಳಕ್ಕೆ ಅರಿಶಿನ ಹಚ್ಚಿಯಾರು ಎಂಬ ಭಯ ನನಗೆ.

ಅಪ್ಪನಿಗೆ ಈ ತಾಪತ್ರಯವೇ ಇರಲಿಲ್ಲ. ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು ಇಂಗ್ಲಿಷ್ ಪದವನ್ನು ಹಾಗೆಯೇ ಮನೆಗೆ ತಂದುಬಿಟ್ಟರು. ಗೋಣಿಯಲ್ಲಿ ಹೊಲಿದ ಮೂಟೆ, ವೀಳ್ಯದೆಲೆಯ ಪೆಂಡಿ, ಊದುಬತ್ತಿಯ ಪೆಟ್ಟಿಗೆ, ಅರಗಿನ ಸೀಲು ಒತ್ತಿದ ಬಟ್ಟೆಯ ಗಂಟು. ಬಂದದ್ದನ್ನೆಲ್ಲ ಸುತ್ತ ನೋಡಿ, ಹೊಲಿಗೆ ಬಿಚ್ಚಿಲ್ಲ, ಸೀಲು ಬಿರಿದಿಲ್ಲ ಎಂದು ಖಾತ್ರಿಯಾದ ಮೇಲೆ ಇಂಟ್ಯಾಕ್ಟ್ ಅಂತ ಬರೆಯುವುದು ಅವರ ಕೆಲಸ. ಒಂದು ದಿನ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅರಗಿನ ವಾಸನೆ, ಹಸಿ ಎಲೆಯ ವಾಸನೆ, ತೂಕದ ಯಂತ್ರದ ಮೇಲೆ ಹತ್ತಿ ನಿಂತ ನಾನು. ಅವರು ಇಂಟ್ಯಾಕ್ಟ್ ಅಂತ ಬರೆದು ಕೊಟ್ಟ ಒಂದು ಪೆಟ್ಟಿಗೆಯನ್ನು ಅದರ ಯಜಮಾನ ಅಲ್ಲೇ ಬಿಚ್ಚಿದ. ಒಳಗಿನ ಪಿಂಗಾಣಿ ಜಾಡಿ ಹೋಳಾಗಿತ್ತು. ನನಗೆ ಅಳು ಬಂತು, ಅಪ್ಪ ಸುಳ್ಳು ಬರೆದರು ಅಂತ. ಮನೆಗೆ ಬರುವ ದಾರಿಯಲ್ಲಿ ಅವರು ನಿಧಾನವಾಗಿ ಹೇಳಿದರು, "ನೋಡು ಮರಿ, ಇಂಟ್ಯಾಕ್ಟ್ ಅಂದ್ರೆ ಒಳಗಿರೋದು ಚೆನ್ನಾಗಿದೆ ಅಂತಲ್ಲ. ದಾರೀಲಿ ಯಾರೂ ಕೈ ಹಾಕಿಲ್ಲ ಅಂತ. ಒಳಗಿಂದಕ್ಕೆ ನಾನು ಜವಾಬ್ದಾರನಲ್ಲ."

ಎಷ್ಟೋ ವರ್ಷಗಳ ಮೇಲೆ ನಿಘಂಟಿನಲ್ಲಿ ಆ ಪದದ ಬೇರು ಹುಡುಕಿದಾಗ ಅಪ್ಪ ಹೇಳಿದ್ದೇ ಸಿಕ್ಕಿತು. ಮುಟ್ಟದ್ದು ಎಂಬುದೇ ಅದರ ಮೂಲದ ಅರ್ಥವಂತೆ. ಯಾರೂ ಮುಟ್ಟಿಲ್ಲ, ಆದ್ದರಿಂದ ಇಡಿಯಾಗಿದೆ. ನಿಘಂಟು ಮುಚ್ಚಿ ನಾನು ಒಬ್ಬನೇ ನಕ್ಕೆ.

ಆಫೀಸಿನಲ್ಲಿ ಒಳಗಿನದಕ್ಕೆ ಜವಾಬ್ದಾರಿಯಿಲ್ಲದೆ ಹಾಯಾಗಿದ್ದ ಮನುಷ್ಯನಿಗೆ ಮನೆಯ ವಿಷಯದಲ್ಲಿ ಆ ಸೌಲಭ್ಯವಿರಲಿಲ್ಲ. ಕೃಷ್ಣಮೂರ್ತಿಪುರದ ನಮ್ಮ ಬೀದಿಗೆ ತಿರುಗುತ್ತಿದ್ದಂತೆ ಅವರ ಸೈಕಲ್ಲಿನ ವೇಗ ಜಾಸ್ತಿಯಾಗುತ್ತಿತ್ತು. ಗೇಟಿನ ಚಿಲಕಕ್ಕೆ ಕೈಯಿಟ್ಟು, ಇನ್ನೂ ಒಳಗೆ ಕಾಲಿಡುವ ಮೊದಲೇ, ತುಸು ಕುತ್ತಿಗೆ ಚಾಚಿ ಕೇಳುತ್ತಿದ್ದರು, "ಎಲ್ಲಾ ಇಂಟ್ಯಾಕ್ಟಾ?"

ಅಡುಗೆಮನೆಯಿಂದ ಅಮ್ಮನ ಉತ್ತರ ಬರುತ್ತಿತ್ತು, "ಇಂಟ್ಯಾಕ್ಟು." ಅಮ್ಮ ಇಂಗ್ಲಿಷ್ ಓದಿದವಳಲ್ಲ. ಈ ಒಂದು ಪದವನ್ನು ಮಾತ್ರ ನಿಸ್ಸಂಕೋಚವಾಗಿ, ಒಗ್ಗರಣೆಗೆ ಸಾಸಿವೆ ಹಾಕಿದಷ್ಟು ಸಲೀಸಾಗಿ ಹೇಳುತ್ತಿದ್ದಳು. ಆ ಉತ್ತರ ಕೇಳಿದ ಮೇಲೆಯೇ ಅಪ್ಪ ಚಪ್ಪಲಿ ಬಿಡುವುದು, ಕಾಲು ತೊಳೆಯುವುದು, ಜಗಲಿಯ ಮೇಲೆ ಕೂತು ಕಾಫಿ ಕುಡಿಯುವುದು. ಅವರ ಕಾಫಿ ಮುಗಿಯುವ ತನಕ ಮನೆಯಲ್ಲಿ ಯಾರೂ ಕೆಟ್ಟ ಸುದ್ದಿ ಎತ್ತುವ ಹಾಗಿರಲಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ, ಆದರೂ ನಮ್ಮ ಮನೆಯ ಕಾನೂನು. ಬಾವಿ ಹಗ್ಗ ಹರಿದು ಕೊಡಪಾನ ಮುಳುಗಿರಲಿ, ಊರಿನಿಂದ ಯಾರದೋ ಸಾವಿನ ತಂತಿ ಬಂದಿರಲಿ, ಗೇಟಿನ ಪ್ರಶ್ನೆಗೆ ಉತ್ತರ ಒಂದೇ. ಉಳಿದದ್ದು ಖಾಲಿ ಲೋಟ ಕೆಳಗಿಟ್ಟ ಮೇಲೆ.

ಆ ಕಾನೂನಿನ ಬಿಸಿ ಏನೆಂದು ನನಗೆ ಗೊತ್ತಾದದ್ದು ಸೀಬೆಕಾಯಿಗಾಗಿ ಪಕ್ಕದ ಮನೆಯ ಕಾಂಪೌಂಡ್ ಹತ್ತಿ ಬಿದ್ದ ದಿನ. ಹುಬ್ಬಿನ ಮೇಲೆ ಒಡೆದು ಅಂಗಿಯೆಲ್ಲ ರಕ್ತ. ಅಮ್ಮ ನನ್ನನ್ನು ಎತ್ತಿಕೊಂಡು ಹೋಗಿ ನಡುಮನೆಯಲ್ಲಿ ಮಲಗಿಸಿ, ಒಂದು ಹಿಡಿ ಕಾಫಿಪುಡಿ ಗಾಯಕ್ಕೆ ಒತ್ತಿ ಕಟ್ಟಿದಳು. ಅಷ್ಟರಲ್ಲಿ ಗೇಟು ಸದ್ದಾಯಿತು. ಎಲ್ಲಾ ಇಂಟ್ಯಾಕ್ಟಾ? ಅಮ್ಮನ ಕೈ ನನ್ನ ಹಣೆಯ ಮೇಲೆಯೇ ಇತ್ತು, ದನಿ ಮಾತ್ರ ಎಂದಿನದೇ. ಇಂಟ್ಯಾಕ್ಟು, ಅಂದಳು. ಅಪ್ಪ ಜಗಲಿಯ ಮೇಲೆ ಸೊರ್ ಸೊರ್ ಎಂದು ಕಾಫಿ ಕುಡಿಯುವುದನ್ನು ಗೋಡೆಯ ಈಚೆ ಮಲಗಿ ಕೇಳಿಸಿಕೊಂಡೆ. ಅದೇ ಡಬ್ಬದ ಪುಡಿ ನನ್ನ ಹಣೆಯ ಮೇಲೂ ಇತ್ತು. ಒಂದು ಲೋಟ ಕಾಫಿಗೆ ಅಷ್ಟು ಹೊತ್ತು ಹಿಡಿಯುತ್ತದೆಂದು ಅದುವರೆಗೆ ಗೊತ್ತಿರಲಿಲ್ಲ. ಲೋಟ ಕೆಳಗಿಟ್ಟ ಶಬ್ದವಾದ ಮೇಲೆ ಅಮ್ಮ ಎದ್ದು ಹೋಗಿ ಹೇಳಿದಳು. ಅಪ್ಪ ಓಡಿ ಬಂದರು. ನನ್ನ ಹಣೆ ನೋಡಿದರು, ಅಮ್ಮನನ್ನು ನೋಡಿದರು. ಹಾಗಾದರೆ ಇಂಟ್ಯಾಕ್ಟ್ ಅಂತ ಯಾಕೆ ಹೇಳಿದೆ ಎಂದು ಕೇಳಿದರು. ಕೋಪವಲ್ಲ, ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ರಕ್ತ ನಿಂತಿತ್ತು. ನೀವು ಕಾಫಿ ಕುಡಿಯೋ ಅಷ್ಟೊತ್ತಾದ್ರೂ ಇಂಟ್ಯಾಕ್ಟಾಗಿರಲಿ ಅಂತ" ಎಂದಳು ಅಮ್ಮ.

ನಿಮಗೆ ಇದು ಸರಿ ಅನ್ನಿಸುತ್ತದೋ ಇಲ್ಲವೋ. ನನಗೂ ಬಹಳ ವರ್ಷ ಸರಿ ಅನ್ನಿಸಿರಲಿಲ್ಲ. ಅಪ್ಪ ಮರುದಿನದಿಂದ ಆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದರೆಂದುಕೊಂಡಿರಾ? ಇಲ್ಲ. ಉತ್ತರ ಯಾವಾಗಲೂ ಒಂದೇ ಎಂದು ಗೊತ್ತಿದ್ದೂ ಕೇಳಿದರು, ಅವಳು ಹೇಳಿದಳು. ನಿವೃತ್ತರಾದ ಮೇಲೆ ತರಕಾರಿ ತಂದಾಗಲೂ ಕೇಳಿದರು. ಕೊನೆಗೆ ಮಾತು ತೊದಲುತ್ತಿದ್ದಾಗ, ಮಂಚದಿಂದಲೇ ಬಾಗಿಲ ಕಡೆ ನೋಡಿ ಕೇಳಿದರು. ಅಮ್ಮ ಅವರ ಹಣೆಗೆ ವಿಭೂತಿ ಹಚ್ಚುತ್ತಾ ಉತ್ತರ ಕೊಟ್ಟಳು. ಆಮೇಲೆ ನಮ್ಮ ಮನೆಯಲ್ಲಿ ಆ ಪದ ಹೇಳುವ ಸಂದರ್ಭ ಬರಲಿಲ್ಲ.

ಬಂದದ್ದು ಇತ್ತೀಚೆಗೆ, ಅಮ್ಮ ಬಿದ್ದ ಬೆಳಿಗ್ಗೆ. ಬಾಗಿಲು ಸಾರಿಸಿ ರಂಗೋಲಿ ಹಾಕಲು ಹೋದವಳು ಒದ್ದೆ ಸಿಮೆಂಟಿನ ಮೇಲೆ ಜಾರಿದಳು. ಸದ್ದು ಕೇಳಿ ನಾನು ಓಡಿ ಬರುವಾಗ ಮೆಟ್ಟಿಲ ಪಕ್ಕ ಕೂತಿದ್ದಳು. ಕೊರಳಲ್ಲಿ ಶಿವದಾರಕ್ಕೆ ಕಟ್ಟಿಕೊಂಡ ಬೆಳ್ಳಿಯ ಕರಡಿಗೆಯನ್ನು, ಲಿಂಗವಿರುವ ಆ ಪುಟ್ಟ ಭರಣಿಯನ್ನು, ಬಲಗೈಯಲ್ಲೇ ಹೇಗೋ ಬಿಚ್ಚಿ ಒಳಗೆ ಇಣುಕಿ ನೋಡುತ್ತಿದ್ದಳು. "ಗಾಬರಿಯಾಗ್ಬೇಡ ಕಣೋ. ಇಂಟ್ಯಾಕ್ಟು" ಎಂದಳು. ನಂತರ ನಾನು ಅವಳ ಎಡಗೈ ನೋಡಿದೆ. ಮಣಿಕಟ್ಟು ಇರಬೇಕಾದ ಕಡೆ ಇರಲಿಲ್ಲ.

ಏನಾಗಿತ್ತೆಂದರೆ, ಜಾರುವಾಗ ಬೇರೆ ಯಾರಾದರೂ ಎರಡೂ ಕೈ ಊರುತ್ತಿದ್ದರು. ಅಮ್ಮ ಬಲಗೈಯಲ್ಲಿ ಕರಡಿಗೆಯನ್ನು ಎದೆಗೆ ಅವುಚಿಕೊಂಡು, ಇಡೀ ಮೈಭಾರವನ್ನು ಎಡಗೈ ಮೇಲೆ ಹಾಕಿದ್ದಳು. ಲಿಂಗ ಒಡೆದರೆ, ಕಳೆದರೆ, ಪ್ರಾಣವೇ ಹೋದಂತೆ ಎಂದು ನಂಬಿದ ಕಾಲದವಳು. ಲಿಂಗ ಉಳಿಯಿತು. ಅದನ್ನು ಕೂರಿಸಿಕೊಳ್ಳುವ ಅಂಗೈ ಮುರಿಯಿತು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ಹೊಳೆಯಲಿಲ್ಲ. ಹತ್ತಿರದಲ್ಲಿ ರಂಗೋಲಿ ಬಟ್ಟಲೊಂದಿತ್ತು, ಅದರ ಮೇಲೆ ಸಿಟ್ಟು ಮಾಡಿಕೊಂಡೆ.

ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಕರೆದೊಯ್ಯುವ ಮುಂಚೆ ಸಿಸ್ಟರು ಬಳೆ, ಸರ, ಎಲ್ಲ ತೆಗೆಯಬೇಕು ಎಂದರು. ಬಳೆಗಳು ಸುಲಭವಾಗಿ ಬಂದವು. ಕರಡಿಗೆಗೆ ಕೈ ಹಾಕಿದಾಗ ಅಮ್ಮ ಅವರ ಕೈ ಹಿಡಿದುಕೊಂಡಳು. ಇವಳು ಆಪರೇಷನ್ನೇ ಬೇಡ ಅಂದುಬಿಟ್ಟರೆ? ಅವಳು ಎಷ್ಟು ಹೊತ್ತಾಗುತ್ತದೆ ಎಂದಷ್ಟೇ ಕೇಳಿದಳು. ಆಮೇಲೆ ತಾನೇ ಶಿವದಾರ ಕೊರಳಿಂದ ತೆಗೆದು ನನ್ನ ಕಡೆ ಚಾಚಿದಳು. ನೆಲದ ಮೇಲೆ ಇಡಬಾರದು, ಪ್ಯಾಂಟಿನ ಜೇಬಿಗೆ ಹಾಕಬಾರದು, ಅಷ್ಟೇ ಅವಳ ಷರತ್ತು.

ಅಷ್ಟೇ, ಅಂತ ಹೇಳುವುದು ಸುಲಭ. ಕಾಯುವ ಕುರ್ಚಿಯ ಮೇಲೆ ಕೂತ ನನಗೆ ಕೈಗಳನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಬಲಗೈಯಲ್ಲಿ ಹಿಡಿದರೆ ಬೆವರು, ಎಡಗೈಗೆ ಬದಲಿಸುವಾಗ ಬಿದ್ದರೆ ಎಂಬ ಭಯ. ನನಗೂ ಚಿಕ್ಕಂದಿನಲ್ಲಿ ಮಠದಲ್ಲಿ ದೀಕ್ಷೆಯಾಗಿತ್ತು. ಕಾಲೇಜು ಸೇರಿದ ವರ್ಷ, ದಾರ ಕುತ್ತಿಗೆಗೆ ತುರಿಕೆ ಎಂಬ ಘನವಾದ ಕಾರಣ ಕೊಟ್ಟು ತೆಗೆದಿಟ್ಟದ್ದು ಬೀರುವಿನ ಮೂಲೆಯಲ್ಲೇ ಇದೆ. ಹಾಗೆ ಅದನ್ನು ದಶಕಗಳ ಕಾಲ ಯಾರೂ ಮುಟ್ಟಿಲ್ಲ. ಪಾರ್ಸೆಲ್ ಆಫೀಸಿನ ಲೆಕ್ಕದಲ್ಲಿ ಇಂಟ್ಯಾಕ್ಟ್. ಕೊನೆಗೆ ಬೇರೆ ದಾರಿ ಕಾಣದೆ ಅಮ್ಮನ ಕರಡಿಗೆಯನ್ನು ನನ್ನ ಕೊರಳಿಗೇ ಹಾಕಿಕೊಂಡೆ. ಒಬ್ಬರದನ್ನು ಇನ್ನೊಬ್ಬರು ಧರಿಸಬಹುದೋ ಬಾರದೋ, ಯಾರನ್ನು ಕೇಳುವುದು? ಅದು ಅಂಗಿಯೊಳಗೆ ಇನ್ನೂ ಬೆಚ್ಚಗಿತ್ತು, ಅಮ್ಮನ ಮೈಯ ಬಿಸಿ.

ಪಕ್ಕದ ಕುರ್ಚಿಯಲ್ಲಿ ಅಶೋಕಪುರಂನ ಒಬ್ಬರಿದ್ದರು, ಅವರ ಹೆಂಡತಿಗೂ ಅದೇ ಹೊತ್ತಿಗೆ ಒಳಗೆ ಮೊಣಕಾಲಿನ ಆಪರೇಷನ್. ಅವರು ಎರಡು ಲೋಟ ಕಾಫಿ ತಂದು ಒಂದನ್ನು ನನ್ನ ಕೈಗಿಟ್ಟರು. ನಾನು ಹಿಡಿದುಕೊಂಡು ಕೂತೆ. ಕುಡಿಯಲು ಹೆದರಿಕೆ. ನಮ್ಮ ಮನೆಯಲ್ಲಿ ಕಾಫಿ ಮುಗಿದ ಮೇಲೆಯೇ ಕೆಟ್ಟ ಸುದ್ದಿ ಬರುವುದು, ಆದ್ದರಿಂದ ಕುಡಿದು ಮುಗಿಸದಿದ್ದರೆ ಬರುವುದಿಲ್ಲವೇನೋ. ಅರವತ್ತು ದಾಟಿದವನ ತರ್ಕ ಇದು, ನಗಬೇಡಿ. ಅವರಿಗೆ ಇದನ್ನೆಲ್ಲ ಹೇಳಿದೆ, ಯಾಕೆ ಹೇಳಿದೆನೋ. ಅವರು ನಗಲಿಲ್ಲ. ತಮ್ಮ ಲೋಟವನ್ನೂ ಕುರ್ಚಿಯ ಕೆಳಗಿಟ್ಟು, ಇಬ್ಬರೂ ಹೊರಗೆ ಬರಲಿ ಬಿಡಿ ಸಾರ್, ಆಮೇಲೆ ಬಿಸಿಯಾದ್ದು ಕುಡಿಯೋಣ ಎಂದರು. ಎರಡು ಲೋಟವೂ ಆರಿ ಕೆನೆಗಟ್ಟಿದವು.

ಅಮ್ಮನನ್ನು ವಾರ್ಡಿಗೆ ತಂದರು. ಕೈಗೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರು, ಕಣ್ಣು ಮುಚ್ಚಿ ಮಲಗಿದ್ದಳು. ಮಂಚದ ಪಕ್ಕದಲ್ಲೇ ಡಾಕ್ಟರು ಎಕ್ಸರೇ ತೋರಿಸಿ, ಪ್ಲೇಟು ಸರಿಯಾಗಿ ಕೂತಿದೆ, ಮೂಳೆ ಕೂಡುತ್ತದೆ ಎಂದರು. ಆಮೇಲೆ ದನಿ ಇಳಿಸಿ ಹೇಳಿದರು, "ಆದ್ರೆ ಈ ವಯಸ್ಸಲ್ಲಿ ಅಂಗೈ ಪೂರ್ತಿ ಮೇಲಕ್ಕೆ ತಿರುಗುತ್ತೆ ಅಂತ ನಾನು ಹೇಳಕ್ಕಾಗಲ್ಲ. ತಿರುಗದೇನೂ ಇರ್ಬಹುದು." ಡಾಕ್ಟರಿಗೆ ಅದು ಸಣ್ಣ ವಿಷಯ. ಲೋಟ ಹಿಡಿಯಬಹುದು, ಸೆರಗು ಹೊದೆಯಬಹುದು. ಅವರು ಹೋದ ಸ್ವಲ್ಪ ಹೊತ್ತಿಗೆ ಅಮ್ಮ ಕಣ್ಣು ಬಿಟ್ಟಳು. ಮೊದಲು ನನ್ನ ಕೊರಳು ನೋಡಿದಳು, ಆಮೇಲೆ ಮುಖ. ಎಲ್ಲಾ ಇಂಟ್ಯಾಕ್ಟಾ ಎಂದು ಕೇಳಿದಳು. ಅವಳು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು, ಅದುವರೆಗೆ ಅವಳದು ಉತ್ತರದ ಪಾಲು. ಈಗ ಉತ್ತರ ಹೇಳುವ ಸರದಿ ನನ್ನದು. ಇಂಟ್ಯಾಕ್ಟು, ಅಂದೆ.

ಆವತ್ತು ಅವಳಿಗೆ ಸ್ನಾನವಿಲ್ಲ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಹಣೆಗೆ ವಿಭೂತಿ ಹಚ್ಚಿದ ಮೇಲೂ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಎಡಗೈ ಮೊಣಕೈವರೆಗೆ ಕಟ್ಟಿನೊಳಗಿದೆ. ನಾನು ಪೀಠದ ಹಾಗೆ ಏನಾದರೂ ಸಿಗಬಹುದೇ, ತಟ್ಟೆಯೋ ಪೆಟ್ಟಿಗೆಯೋ ಎಂದು ಅತ್ತಿತ್ತ ನೋಡುತ್ತಿದ್ದರೆ, "ನಿನ್ನ ಕೈ ಕೊಡು" ಎಂದಳು. ನಾನು ಲಿಂಗ ಬಿಟ್ಟವನು, ಬೆಳಗಿನಿಂದ ಎಲ್ಲೆಲ್ಲೋ ಮುಟ್ಟಿದ ಕೈ ಇದು ಅಂತೆಲ್ಲ ತೊದಲಿದೆ. ತೊಳ್ಕೊಂಡು ಬಾ, ಅಂಗೈ ಅಂಗೈಯೇ ಎಂದಳು. ಹಾಗೆ ಶುರುವಾಯಿತು. ಅಲ್ಲಿಂದ ಇವತ್ತಿನವರೆಗೆ ದಿನಾ ಬೆಳಿಗ್ಗೆ ನಾನು ಅವಳ ಎದುರು ಕೂತು ಎಡ ಅಂಗೈ ಚಾಚುತ್ತೇನೆ. ಅವಳು ಬಲಗೈಯಲ್ಲಿ ಲಿಂಗವನ್ನು ಅದರ ಮೇಲಿಡುತ್ತಾಳೆ, ವಿಭೂತಿ ಹಚ್ಚುತ್ತಾಳೆ, ಪತ್ರೆ ಏರಿಸುತ್ತಾಳೆ, ದಿಟ್ಟಿಸಿ ನೋಡುತ್ತಾ ಮೌನವಾಗುತ್ತಾಳೆ. ನನ್ನ ಕೈ ಜೋಮು ಹಿಡಿಯುತ್ತದೆ. ಮೂಗು ತುರಿಸುತ್ತದೆ. ಫೋನು ಬಡಿದುಕೊಳ್ಳುತ್ತದೆ, ಯಾರಿಗೋ ಏನೋ ಆಯಿತು ಅನ್ನಿಸುತ್ತದೆ, ಏಳುವ ಹಾಗಿಲ್ಲ. ಅಷ್ಟು ಹತ್ತಿರದಿಂದ ನಾನು ಆ ಲಿಂಗವನ್ನು ನೋಡಿದ್ದೇ ಈಗ. ಕಪ್ಪಗೆ, ನುಣ್ಣಗೆ, ಎಲ್ಲೂ ಒಂದು ಗೀರಿಲ್ಲ. ಎಪ್ಪತ್ತು ವರ್ಷ ದಿನವೂ ಮುಟ್ಟಿ, ತೊಳೆದು, ಒರೆಸಿ ಹಾಗಾದದ್ದು. ನಿಘಂಟಿನವರು ಇದನ್ನು ನೋಡಿದ್ದರೆ ಏನು ಬರೆಯುತ್ತಿದ್ದರೋ.

ಅಮ್ಮ ಇದನ್ನೆಲ್ಲ ಕಟ್ಟು ಬಿಚ್ಚುವವರೆಗಿನ ಏರ್ಪಾಡು ಅಂದುಕೊಂಡಿದ್ದಾಳೆ ಎಂಬುದು ನನ್ನ ಸಂಕಟವಾಗಿತ್ತು. ಡಾಕ್ಟರು ಹೇಳಿದ್ದು ನನ್ನೊಬ್ಬನ ಹೊಟ್ಟೆಯಲ್ಲಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ. ಕಟ್ಟು ಬಿಚ್ಚಿದ ಮೇಲೆ ಅವಳ ಅಂಗೈ ಅರ್ಧಕ್ಕೆ ಬಂದು ನಿಂತುಬಿಟ್ಟಿತು, ಪಕ್ಕದಲ್ಲಿ ಕೂತವರಿಗೆ ಕೈಕುಲುಕಲು ನೀಡಿದ ಹಾಗೆ. ಸ್ವಲ್ಪ ದಿನ ಬೇಕಾಗುತ್ತೆ ಅಮ್ಮ ಎಂದೆ. ಅವಳು ಹೂಂ ಎಂದಳು. ಎಣ್ಣೆ ಹಚ್ಚಿ ತಿಕ್ಕಿದೆ, ಬಿಸಿನೀರಲ್ಲಿ ಅದ್ದಿಸಿದೆ, ವ್ಯಾಯಾಮ ಮಾಡಿಸುವವರನ್ನು ಕರೆಸಿದೆ. ನಿಮ್ಮನ್ನ ನೋಡಿದರೆ ಕೈ ಮುರಿದುಕೊಂಡದ್ದು ನೀವೇ ಅನ್ನಬೇಕು ಎಂದಳು ಹೆಂಡತಿ. ಕೊನೆಗೆ ಈ ಚೆಂಡು ತರಿಸಿದೆ. ಇದೂ ಕೈಕೊಟ್ಟರೆ ಹೇಳಲೇಬೇಕು.

ಅದಕ್ಕೇ ನಿನ್ನೆ ನಾನು ಗೇಟಿನಲ್ಲಿ ನಿಂತುಬಿಟ್ಟದ್ದು. ಕೈಯಲ್ಲಿ ಒಂದು ಇಂಟ್ಯಾಕ್ಟ್ ಡಬ್ಬಿ. ಮನೆಯೊಳಗಿನಿಂದ ಒಂದು ಸದ್ದೂ ಇಲ್ಲ. ಈ ಹೊತ್ತಿಗೆ ಅಮ್ಮ ಸ್ನಾನ ಮುಗಿಸಿ ಮಣೆಯ ಮೇಲೆ ಕೂತು, ಹೂವು ತಂದೆಯೇನೋ ಎಂದು ಕೂಗಬೇಕಿತ್ತು. ಕೂಗಲಿಲ್ಲ. ಮತ್ತೆ ಜಾರಿದಳೇ? ನನ್ನ ಕೈ ಚಿಲಕದ ಮೇಲಿತ್ತು. ಕುತ್ತಿಗೆ ತಾನಾಗಿ ಮುಂದೆ ಚಾಚಿಕೊಂಡಿತು. ಈ ವಯಸ್ಸಿಗೆ, ಅಪ್ಪ ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, ಅಪ್ಪನ ದನಿಯಲ್ಲೇ ಕೇಳಿದೆ:

"ಎಲ್ಲಾ ಇಂಟ್ಯಾಕ್ಟಾ?"

ಒಳಗಿನಿಂದ ಅಮ್ಮ ಹೇಳಿದಳು, "ಇಲ್ಲ ಕಣೋ. ಒಳಗೆ ಬಾ."

ನನ್ನ ಇಡೀ ಬದುಕಿನಲ್ಲಿ ಆ ಪ್ರಶ್ನೆಗೆ ಆ ಉತ್ತರ ನಾನು ಕೇಳಿರಲಿಲ್ಲ. ಚಪ್ಪಲಿ ಬಿಟ್ಟೆನೋ ಇಲ್ಲವೋ ನೆನಪಿಲ್ಲ. ಅಮ್ಮ ಮಣೆಯ ಮೇಲೆ ನೆಟ್ಟಗೆ ಕೂತಿದ್ದಳು. ಲಿಂಗ ಅವಳ ಮಡಿಲಲ್ಲಿತ್ತು, ಸೀರೆಯ ನೆರಿಗೆಯ ಮೇಲೆಲ್ಲ ವಿಭೂತಿ. ನಾನಿಲ್ಲದ ಹೊತ್ತು ನೋಡಿ ತನ್ನ ಅಂಗೈ ಮೇಲೆ ತಾನೇ ಇಟ್ಟುಕೊಳ್ಳಲು ನೋಡಿದ್ದಾಳೆ. ಅದು ನಿಲ್ಲದೆ ಜಾರಿ ಮಡಿಲಿಗೆ ಬಿದ್ದಿದೆ. ಅಳುತ್ತಿರಲಿಲ್ಲ. ನನ್ನ ಕೈಯ ಡಬ್ಬಿ ನೋಡಿದಳು. ನಾನು ಚೆಂಡಿನ ವಿಷಯ ಶುರು ಮಾಡಿದೆ, ಇದನ್ನು ದಿನಾ ಒತ್ತಿದರೆ ಇನ್ನು ಸ್ವಲ್ಪ ದಿನಕ್ಕೆ ಅಂತ ಏನೇನೋ.

"ಬುಡು ಸಾಕು" ಎಂದಳು. "ತಿರುಗಲ್ಲ ಅಂತ ಡಾಕ್ಟ್ರು ಹೇಳಿದ್ದು ನಂಗೆ ಅವತ್ತೇ ಕೇಳಿಸ್ತು. ಕಣ್ಣು ಮುಚ್ಚಿದ್ದೆ ಅಷ್ಟೇ."

ತಿರುಗದೇ ಇರಬಹುದು ಅಂದದ್ದು, ತಿರುಗಲ್ಲ ಅಂತ ಅಲ್ಲಮ್ಮ ಎಂದೆ. ಅವಳು ಆ ಎಡಗೈಯನ್ನೇ ಎತ್ತಿ ತೋರಿಸಿದಳು. "ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೋ?"

ಹಾಗಾದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ಕೇಳುವಾಗಲೇ, ಬಹಳ ಹಿಂದೆ ಇದೇ ನಡುಮನೆಯಲ್ಲಿ ಅಪ್ಪ ಇಂಥದೇ ಪ್ರಶ್ನೆ ಕೇಳಿದ್ದು ನೆನಪಾಯಿತು. ಅವಳ ಉತ್ತರವೂ ಬದಲಾಗಿರಲಿಲ್ಲ.

"ನೀನು ಕಾಫಿ ಕುಡ್ಕೊಳ್ಲಿ ಅಂತ."

ನನ್ನ ಕಾಫಿ ಇಷ್ಟು ದಿನ ನಡೆದಿತ್ತು. ನಾನು ಅವಳನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ಅವಳು ಲೋಟ ಖಾಲಿಯಾಗುವುದನ್ನೇ ನೋಡುತ್ತಾ ಕೂತಿದ್ದಳು. ವಿಚಿತ್ರವೆಂದರೆ, ಜೀವನವಿಡೀ ಯಾವುದಕ್ಕೆ ಹೆದರಿಕೊಂಡು ಬಂದೆನೋ ಆ 'ಇಲ್ಲ' ಎಂಬ ಉತ್ತರ ಬಂದ ಮೇಲೆ ಹೆದರಿಕೆ ಇರಲಿಲ್ಲ. ಅಳು ಮಾತ್ರ ಇತ್ತು.

ಕೈ ತೊಳೆದು ಬಂದು ಎದುರು ಕೂತು ಅಂಗೈ ಚಾಚಿದೆ. ಅವಳು ಲಿಂಗವನ್ನು ಅದರ ಮೇಲೆ ಇಡಲಿಲ್ಲ. ಮೊದಲು ತನ್ನ ಎಡಗೈಯನ್ನು ನನ್ನ ಅಂಗೈಯೊಳಗೆ ಇಟ್ಟಳು. ಓರೆಯಾಗಿ ನಿಂತ ಆ ಕೈಗೆ ನಾನು ಕೆಳಗಿನಿಂದ ಹೆಬ್ಬೆರಳು ಕೊಟ್ಟು, ನೋಯದ ಹಾಗೆ, ಎಷ್ಟು ಬಂತೋ ಅಷ್ಟು ಎತ್ತಿ ಹಿಡಿದೆ. ಅವಳ ಬೆರಳುಗಳ ನಡುವೆ ಉಳಿದ ಸಂದಿಗೆ ನನ್ನ ಬೆರಳು ಸೇರಿಸಿದೆ. ಅಲ್ಲೊಂದು ಸಣ್ಣ ತಗ್ಗಾಯಿತು. ಅಮ್ಮ ಅದರಲ್ಲಿ ಲಿಂಗವಿಟ್ಟು ಬಲಗೈಯನ್ನು ಮೆಲ್ಲಗೆ ತೆಗೆದಳು. ಅದು ಜಾರಲಿಲ್ಲ.

"ಕೈ ನಡುಗಿಸ್ಬೇಡ" ಎಂದಳು.

ಫೋನು ಬಡಿದುಕೊಳ್ಳತೊಡಗಿತು. ಬಡಿದುಕೊಂಡು ಬಡಿದುಕೊಂಡು ತಾನೇ ನಿಂತಿತು. ಡಬ್ಬಿ ಬಾಗಿಲ ಬಳಿ ಬಿಚ್ಚದೆ ಹಾಗೇ ಇತ್ತು. ಅಮ್ಮ ಹೂವಿನ ಪೊಟ್ಟಣಕ್ಕೆ ಕೈಚಾಚಿದಳು.